ಕಟಪಾಡಿಯಿಂದ ಎಲ್ಲೂರಿಗೆ ಒಂದು ಚೆನ್ನೆಯಾಟ

ಸರಸಳಿಗೆ ಮನುಷ್ಯರು ಬೇಕಿರಲಿಲ್ಲ, ಎದುರಾಳಿಗಳು ಬೇಕಿದ್ದರು. ಅವಳನ್ನು ಬಲ್ಲವರೆಲ್ಲ ಒಂದಲ್ಲ ಒಂದು ಮಾತಿನಲ್ಲಿ ಇದನ್ನೇ ಹೇಳುತ್ತಿದ್ದರು. ಹೊಟ್ಟೆಕಿಚ್ಚಿನಿಂದ ಹೇಳುತ್ತಿದ್ದರು ಎನ್ನುವಂತಿಲ್ಲ. ಎದುರು ಕೂತವರು ಎದ್ದು ಹೋದ ಮೇಲೆ ಅವರು ಆಡಿದ ಆಟ ಅವಳ ತಲೆಯಲ್ಲಿ ಉಳಿಯುತ್ತಿತ್ತು, ಮುಖ ಉಳಿಯುತ್ತಿರಲಿಲ್ಲ. ಕಾರ್ಕಳದ ದೂರವಾಣಿ ಕೇಂದ್ರದಲ್ಲಿ ಅವಳ ಪಕ್ಕದ ಕುರ್ಚಿಯಲ್ಲಿ ವರ್ಷಗಟ್ಟಲೆ ಕೂತಿದ್ದ ಶಾರ್ಲೆಟ್, ಯಾರ ಬಗ್ಗೆಯೂ ಕೆಟ್ಟದ್ದು ಆಡದ ಹೆಂಗಸು, ಸರಸಳ ಬೀಳ್ಕೊಡುಗೆಯ ದಿನ ಎದ್ದು ನಿಂತು, ಇವಳಿಗೆ ಊರಿನವರೆಲ್ಲರ ನಂಬರು ಗೊತ್ತು, ಒಬ್ಬರ ಮನೆಯೂ ಗೊತ್ತಿಲ್ಲ ಎಂದಳು. ಎಲ್ಲರೂ ನಕ್ಕರು. ಸರಸಳೂ ಹೌದೆಂದು ತಲೆಯಾಡಿಸಿದಳು. ನಿಜವಾದ ಮಾತಿಗೆ ಬೇಸರ ಮಾಡಿಕೊಳ್ಳುವ ಅಭ್ಯಾಸ ಅವಳಿಗೆ ಇರಲಿಲ್ಲ.

ಅವಳು ಹುಟ್ಟಿದ್ದು ಎಲ್ಲೂರಿನಲ್ಲಿ. ಬಿ.ಎಸ್ಸಿ. ಮುಗಿಸಿದ ವರ್ಷವೇ ಕಾರ್ಕಳದಲ್ಲಿ ಕೆಲಸ ಸಿಕ್ಕಿತು. ಆಗ ಫೋನು ಮಾಡಬೇಕಾದವರು ಮೊದಲು ಆಪರೇಟರನ್ನು ಕೇಳಬೇಕಿತ್ತು. ಸ್ವಿಚ್‌ಬೋರ್ಡಿನ ಹಲಗೆಯ ಮೇಲೆ ದೀಪ ಹೊತ್ತಿಕೊಂಡರೆ ವಯರು ಸಿಕ್ಕಿಸಿ, ನಂಬರು ಕೇಳಿ, ಆ ಕಡೆಗೆ ಜೋಡಿಸಿ, ಎರಡೂ ಕಡೆಯವರು ಮಾತು ಶುರು ಮಾಡಿದರೆಂದು ಖಚಿತವಾದ ಕೂಡಲೇ ತಾನು ಹೊರಗೆ ಬರಬೇಕು. ಜೋಡಿಸುವುದು ನಿನ್ನ ಕೆಲಸ, ಕೇಳುವುದು ನಿನ್ನ ಕೆಲಸವಲ್ಲ ಎಂದು ಮೊದಲ ದಿನವೇ ಕಲಿಸಿದ್ದರು. ಉಳಿದ ಹುಡುಗಿಯರು ಆಗೊಮ್ಮೆ ಈಗೊಮ್ಮೆ ಕಿವಿ ಕೊಟ್ಟು, ಯಾರ ಮನೆಯಲ್ಲಿ ಏನು ನಡೆಯುತ್ತಿದೆ ಎಂದು ಊಟದ ಹೊತ್ತಿನಲ್ಲಿ ಹೇಳಿಕೊಂಡು ನಗುತ್ತಿದ್ದರು. ಸರಸ ಒಂದು ದಿನವೂ ಕೇಳಲಿಲ್ಲ. ನಂಬರುಗಳೆಲ್ಲ ಬಾಯಿಪಾಠ, ಮಾತುಗಳು ಇಲ್ಲ. ಆಮೇಲೆ ಯಂತ್ರ ಬಂತು, ಹಲಗೆ ಗುಜರಿಗೆ ಹೋಯಿತು, ಅವಳು ಉಡುಪಿಯ ಕಚೇರಿಗೆ ಬಂದು ಬಿಲ್ಲಿನ ಕೆಲಸ ನೋಡಿಕೊಂಡಳು. ಕೋವಿಡ್ ಬರುವುದಕ್ಕೆ ಸ್ವಲ್ಪ ಮೊದಲು ಸ್ವಯಂ ನಿವೃತ್ತಿ ಪಡೆದು ಕಟಪಾಡಿಯಲ್ಲಿ ಔಷಧಿ ಅಂಗಡಿಯ ಮೇಲಿನ ಎರಡು ಕೋಣೆಯ ಮನೆಯನ್ನು ಬಾಡಿಗೆಗೆ ಹಿಡಿದಳು. ಇಲ್ಲಿಂದ ಯಾವ ದಿಕ್ಕಿಗೂ ಬಸ್ ಉಂಟು ಎಂಬುದು ಅವಳು ಕೊಟ್ಟ ಕಾರಣ. ಹೋಗುತ್ತಿದ್ದದ್ದು ಮಾತ್ರ ಒಂದೇ ದಿಕ್ಕಿಗೆ, ಅದೂ ವರ್ಷದಲ್ಲಿ ಒಂದೇ ತಿಂಗಳು.

ಆ ತಿಂಗಳು ಆಟಿ. ಮಳೆಗಾಲದ ನಡುವೆ ಬರುವ ತುಳುವರ ಆಟಿಯಲ್ಲಿ ಭತ್ತದ ನೇಜಿ ನೆಟ್ಟು ಮುಗಿದಿರುತ್ತದೆ, ದೊಡ್ಡ ದೋಣಿಗಳು ಕಡಲಿಗೆ ಇಳಿಯುವುದಿಲ್ಲ, ಮದುವೆ ಇಲ್ಲ, ಗೃಹಪ್ರವೇಶ ಇಲ್ಲ. ಹೆಂಗಸರು ಅಟ್ಟದಿಂದ ಚೆನ್ನೆಮಣೆ ಇಳಿಸಿ ಮಧ್ಯಾಹ್ನ ಜಗಲಿಯಲ್ಲಿ ಕೂರುತ್ತಾರೆ. ಮರದ ಮಣೆ, ಒಂದೊಂದು ಬದಿಗೆ ಏಳು ಗುಳಿ, ಗುಳಿಗೆ ನಾಲ್ಕು ಕೆಂಪು ಕಾಯಿ. ತನ್ನ ಬದಿಯ ಒಂದು ಗುಳಿಯಿಂದ ಕಾಯಿ ಎತ್ತಿ ಮುಂದಿನ ಗುಳಿಗಳಿಗೆ ಒಂದೊಂದಾಗಿ ಹಾಕುತ್ತಾ ಹೋಗಬೇಕು. ಕೈಯಲ್ಲಿದ್ದದ್ದು ಮುಗಿದಾಗ ಮುಂದಿನ ಗುಳಿಯದ್ದನ್ನು ಎತ್ತಿ ಮುಂದುವರಿಯಬೇಕು. ಮುಂದಿನ ಗುಳಿ ಖಾಲಿ ಇದ್ದರೆ ಅದರಾಚೆಯದ್ದು ನಿಮ್ಮ ಗಳಿಕೆ. ಎಲ್ಲಿಂದ ಎತ್ತುತ್ತೀರಿ ಎಂಬುದಷ್ಟೇ ನಿಮ್ಮ ಆಯ್ಕೆ. ಮಿಕ್ಕದ್ದನ್ನು ಕೈ ತಾನಾಗಿ ಮಾಡುತ್ತದೆ. ಆಟಿ ಕಳೆದು ಸೋಣ ತಿಂಗಳು ಹುಟ್ಟುವಾಗ ಮಣೆಯನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಏರಿಸಿದರೆ ಮತ್ತೆ ಮುಂದಿನ ಆಟಿಗೆ. ನಡುವೆ ಆಡಬಾರದು. ಇನ್ನೂ ಒಂದು ಕಟ್ಟುಪಾಡು ಉಂಟು: ಒಡಹುಟ್ಟಿದ ಅಕ್ಕತಂಗಿಯರು ಮಣೆಯ ಆಚೆ ಈಚೆ ಕೂರಬಾರದು. ಹಿಂದೊಮ್ಮೆ ಹಾಗೆ ಕೂತವರು ಸೋಲುಗೆಲುವಿಗೆ ಜಗಳವಾಡಿ ಇಬ್ಬರೂ ಉಳಿಯಲಿಲ್ಲ ಎಂದು ಹೇಳುತ್ತಾರೆ.

ಸರಸಳಿಗೆ ಒಬ್ಬಳೇ ಅಕ್ಕ, ಗುಲಾಬಿ. ಚಿಕ್ಕಂದಿನಲ್ಲಿ ಇಬ್ಬರಿಗೂ ಎದುರು ಕೂರುತ್ತಿದ್ದದ್ದು ತಾಯಿ. ಒಂದು ಆಟ ದೊಡ್ಡವಳ ಜೊತೆ, ಒಂದು ಆಟ ಸಣ್ಣವಳ ಜೊತೆ. ನೆರೆಯವರು ಕೇಳಿದರೆ ತಾಯಿ, ಸರಸ ಹಲ್ಲು ಕಚ್ಚಿ ಆಡುತ್ತಾಳೆ, ಗುಲಾಬಿ ನಗುತ್ತಾ ಆಡುತ್ತಾಳೆ, ಆಟದ ಕೈ ಇರುವುದು ಮಾತ್ರ ದೊಡ್ಡವಳಿಗೆ ಎನ್ನುತ್ತಿದ್ದರು. ತಾಯಿ ತೀರಿಹೋಗಿ ಬಹಳ ಕಾಲವಾಯಿತು. ಆ ಮಾತು ಮಾತ್ರ ಸರಸಳಲ್ಲಿ ಉಳಿದುಹೋಯಿತು. ಸರಿಯೋ ತಪ್ಪೋ ಎಂದು ಪರೀಕ್ಷೆ ಮಾಡಲು ಒಂದೇ ದಾರಿ; ಆ ದಾರಿ ಮುಚ್ಚಿತ್ತು.

ನಿವೃತ್ತಿಯಾದ ಮೇಲೆ ಅವಳು ಕಾರ್ಕಳದ ಆಚಾರಿಯೊಬ್ಬರಿಂದ ಹಲಸಿನ ಮರದ ಮಣೆ ಮಾಡಿಸಿದಳು. ಆಟಿಗೆ ಕಾಯಲಿಲ್ಲ. ವರ್ಷವಿಡೀ ಆಡಿದಳು, ಎರಡೂ ಬದಿಯಲ್ಲಿ ತಾನೇ ಕೂತು. ಆಡಿದಳು ಎನ್ನುವುದಕ್ಕಿಂತ ಓದಿದಳು ಎನ್ನಬೇಕು. ಮೊದಲು ಮಣೆಯಲ್ಲಿ ಕೆಲವೇ ಕಾಯಿ ಉಳಿಸಿಕೊಂಡು ಕೊನೆಯ ಹಂತ ಕಲಿತಳು, ಆಮೇಲೆ ಸ್ವಲ್ಪ ಸ್ವಲ್ಪವೇ ಹಿಂದಕ್ಕೆ ಬಂದಳು. ಯಾವ ಗುಳಿಯಿಂದ ಎತ್ತಿದರೆ ಕೈ ಎಲ್ಲಿ ನಿಲ್ಲುತ್ತದೆ ಎಂಬುದು ಹಳೆಯ ನಂಬರುಗಳ ಹಾಗೆ ತಲೆಯಲ್ಲಿ ಕೂತುಬಿಟ್ಟಿತು. ಕೆಳಗೆ ಅಂಗಡಿಯ ಹಿಂಬದಿಯಲ್ಲಿದ್ದ ಮನೆ ಯಜಮಾನರ ಹೆಂಡತಿ ಒಂದು ಬೆಳಿಗ್ಗೆ ಮೇಲೆ ಬಂದು ಬಾಗಿಲಲ್ಲೇ ನಿಂತು, "ಸರಸಕ್ಕ, ಈಗ ಸುಗ್ಗಿ ತಿಂಗಳು ಅಲ್ವಾ? ಮೇಲಿನಿಂದ ಚೆನ್ನೆಕಾಯಿಯ ಶಬ್ದ ಕೇಳುತ್ತದೆ. ನನಗೆ ಎಂತ ಆಗುವುದಿಲ್ಲ, ನಮ್ಮ ಅತ್ತೆ ಊಟ ಬಿಟ್ಟಿದ್ದಾರೆ" ಎಂದಳು. ಸರಸ ಅಂದಿನಿಂದ ಮಣೆಯ ಕೆಳಗೆ ಸ್ನಾನದ ಟವೆಲ್ ಹಾಸಿದಳು. ಗುಳಿಗಳೊಳಗೂ ಬಟ್ಟೆ ಅಂಟಿಸಿದಳು. ಶಬ್ದ ನಿಂತಿತು, ಅತ್ತೆ ಉಂಡರು, ಓದು ಮುಂದುವರಿಯಿತು.

ಗುಲಾಬಿ ಎಲ್ಲೂರಿನ ತಾಯಿಮನೆಯಲ್ಲೇ ಇದ್ದಳು. ಗಂಡ ಅಣ್ಣು ಉಚ್ಚಿಲದಲ್ಲಿ ಬಟ್ಟೆಯಂಗಡಿ ನಡೆಸಿ ತೀರಿಹೋಗಿದ್ದ. ಮಗಳು ಯಶ್ಮಿತಾ ಮಣಿಪಾಲದ ಆಸ್ಪತ್ರೆಯೊಂದರಲ್ಲಿ ನರ್ಸ್. ಬೆಳಿಗ್ಗೆ ಹೊರಟರೆ ಬರುವಾಗ ದೀಪ ಹಚ್ಚಿರುತ್ತದೆ. ಆಟಿಯ ಭಾನುವಾರಗಳಲ್ಲಿ ಆ ಮನೆಯ ಜಗಲಿಯಲ್ಲಿ ಆಸುಪಾಸಿನ ಹೆಂಗಸರು ಸೇರುತ್ತಿದ್ದರು. ಪಕ್ಕದ ಮನೆಯ ಇಮೆಲ್ಡಾ ಬಾಯಿ, ಶಾಲೆಯಲ್ಲಿ ಹೊಲಿಗೆ ಕಲಿಸಿ ನಿವೃತ್ತಳಾದವಳು, ಮೊದಲು ಬಂದು ಕೊನೆಗೆ ಏಳುವವಳು. ಯಾರಾದರೂ ಕೆಸುವಿನೆಲೆಯ ಪತ್ರೊಡೆ ತರುತ್ತಿದ್ದರು. ಕಾಯಿ ಹಾಕುತ್ತಾ ಹಾಕುತ್ತಾ ಮಾತು, ಮಾತಿನ ನಡುವೆ ಲೆಕ್ಕ ತಪ್ಪಿದರೆ ಅದಕ್ಕೊಂದು ನಗು. ಗೆದ್ದವರು ಯಾರೆಂದು ಮನೆಗೆ ಹೋಗುವಷ್ಟರಲ್ಲಿ ಎಲ್ಲರಿಗೂ ಮರೆತುಹೋಗಿರುತ್ತಿತ್ತು.

ವರ್ಷವಿಡೀ ಓದಿದ ಸರಸ ಆ ಜಗಲಿಗೆ ಬಂದು ಕೂತಾಗ ಯಾರಿಗೂ ಮರೆಯಲು ಸಾಧ್ಯವಾಗಲಿಲ್ಲ. ಅವಳು ಎಲ್ಲರನ್ನೂ ಸೋಲಿಸಿದಳು. ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಪ್ರತಿ ಆಟ ಮುಗಿದ ಮೇಲೆ ಕಾಯಿಗಳನ್ನು ಮತ್ತೆ ಜೋಡಿಸಿ, ಎದುರಿದ್ದವರು ಎಡವಿದ ಜಾಗಕ್ಕೆ ಆಟವನ್ನು ತಂದು ನಿಲ್ಲಿಸಿ, ಇಲ್ಲಿ ನೋಡಿ, ಇದನ್ನು ಬಿಟ್ಟು ಅದನ್ನು ಎತ್ತಿದ್ದರೆ ನೀವು ಉಳಿಯುತ್ತಿದ್ದಿರಿ ಎಂದು ತೋರಿಸುತ್ತಿದ್ದಳು. ಉಪಕಾರ ಮಾಡುತ್ತಿದ್ದೇನೆ ಎಂದೇ ಅವಳು ತಿಳಿದಿದ್ದಳು. ಮಾತಾಡುತ್ತಾ ಆಡುವವರಿಗೆ, ಮೊದಲು ಮಾತು ಮುಗಿಸಿ, ಆಮೇಲೆ ಎತ್ತಿ ಎನ್ನುತ್ತಿದ್ದಳು.

"ನಾನು ಹೊತ್ತು ಕಳೆಯಲಿಕ್ಕೆ ಬಂದದ್ದು ಸರಸಕ್ಕ, ಪರೀಕ್ಷೆ ಬರೆಯಲಿಕ್ಕೆ ಅಲ್ಲ" ಎಂದು ಇಮೆಲ್ಡಾ ಒಮ್ಮೆ ಹೇಳಿದಳು.

"ಹೊತ್ತು ಹೇಗೂ ಕಳೆಯುತ್ತದೆ. ಸರಿಯಾಗಿ ಆಡಿದರೂ ಅಷ್ಟೇ ಹೊತ್ತು ಬೇಕಾಗುವುದು."

"ಹೌದಾ? ನಿಮ್ಮೊಟ್ಟಿಗೆ ಆಡಿದರೆ ಬೇಗ ಮುಗಿಯುತ್ತದಲ್ಲ ಮಾರಾಯ್ರೆ."

ಗುಲಾಬಿ ಸೆರಗು ಬಾಯಿಗೆ ಹಿಡಿದು ನಕ್ಕಳು. ಸರಸ ಆ ನಗುವನ್ನು ಉತ್ತರವಿಲ್ಲದವರ ನಗು ಎಂದುಕೊಂಡಳು. ಮರುವರ್ಷ ಜಗಲಿಗೆ ಬಂದವರು ಕಡಿಮೆ. ಒಬ್ಬಳಿಗೆ ಸೊಸೆಯ ಬಾಣಂತನ, ಇನ್ನೊಬ್ಬಳಿಗೆ ಮೊಣಕಾಲು ನೋವು. ಕಾರಣಗಳೆಲ್ಲ ನಿಜವೇ ಇರಬಹುದು; ಆದರೆ ಬಾಣಂತನ ಮುಗಿದ ಮೇಲೂ ಅವಳು ಬರಲಿಲ್ಲ.

ಕಾಪುವಿನಲ್ಲಿ ಮಹಿಳಾ ಮಂಡಲಿಯೊಂದು ಆಟಿಯ ನೆನಪಿಗೆಂದು ವರ್ಷಕ್ಕೊಂದು ದಿನ ಸಭಾಭವನ ಹಿಡಿದು ಕಾರ್ಯಕ್ರಮ ಮಾಡುತ್ತಿತ್ತು. ಭಾಷಣ, ಆಟಿಯ ಅಡುಗೆ, ಚೆನ್ನೆಮಣೆ ಸ್ಪರ್ಧೆ. ಸರಸ ಸಾಲಾಗಿ ಗೆದ್ದಳು. ಬಹುಮಾನವೆಂದು ಬಂದ ಸ್ಟೀಲ್ ಡಬ್ಬಗಳು ಕಟಪಾಡಿಯ ಅಡುಗೆಮನೆಯಲ್ಲಿ ಒಂದರ ಮೇಲೊಂದು ನಿಂತವು, ತುಂಬಲು ಅಷ್ಟು ಸಾಮಾನು ಆ ಮನೆಯಲ್ಲಿ ಇರಲಿಲ್ಲ. ಮರುವರ್ಷ ಮಂಡಲಿಯವರು ಫೋನು ಮಾಡಿ, ತುಂಬ ಗೌರವದಿಂದ, ಈ ಸಲ ನೀವು ತೀರ್ಪುಗಾರರಾಗಿ ಬರಬೇಕು ಎಂದರು. ಆಡುವುದು ಬೇಡ ಎಂದು ಅದಕ್ಕಿಂತ ಚೆನ್ನಾಗಿ ಹೇಳಲು ಬರುವುದಿಲ್ಲ. ಸರಸ ಹೋಗಿ ಬ್ಯಾಡ್ಜ್ ಹಾಕಿಕೊಂಡು ನಿಂತಳು. ಆ ದಿನ ಗುಲಾಬಿಯೂ ಬಂದಿದ್ದಳು. ಸ್ಪರ್ಧೆಗೆ ಹೆಸರು ಕೊಡದೆ, ಗೋಡೆಯ ಬದಿಯ ಒಂದು ಮಣೆಗೆ ಗುರುತಿಲ್ಲದ ಯಾರೋ ಹೆಂಗಸಿನ ಎದುರು ಕೂತು ಆಡಿ, ಅವಳ ಊರು, ಮಕ್ಕಳು, ಅವಳ ತಂಗಿಗೆ ಆದ ಆಪರೇಷನ್ ಎಲ್ಲ ತಿಳಿದುಕೊಂಡು ಎದ್ದಳು.

ವಾಪಸು ಬರುವಾಗ ಬಸ್‌ಸ್ಟ್ಯಾಂಡಿನಲ್ಲಿ ಸರಸ ಕೇಳಿದಳು, ಹೋದ ವರ್ಷ ನಾನು ಕೊನೆಯ ಸುತ್ತು ಗೆದ್ದದ್ದನ್ನು ನೀನು ನೋಡಿದ್ದಿಯಲ್ಲ, ಹೇಗಿತ್ತು ಎಂದು.

"ಚೆನ್ನಾಗಿತ್ತು" ಎಂದಳು ಗುಲಾಬಿ. "ಯಾರೊಟ್ಟಿಗೆ ಆಡಿದ್ದು ಅಂತ ನೆನಪುಂಟಾ ನಿನಗೆ?"

ಸರಸಳಿಗೆ ಆ ಆಟದ ಮೊದಲಿನಿಂದ ಕೊನೆಯವರೆಗೆ ನೆನಪಿತ್ತು. ಎದುರಿನವಳು ಬಳೆ ಹಾಕಿದ್ದಳು ಎಂಬುದೂ ನೆನಪಿತ್ತು, ಬಳೆಯ ಶಬ್ದ ಲೆಕ್ಕಕ್ಕೆ ಅಡ್ಡ ಬಂದಿತ್ತು. ಮುಖ ಬರಲಿಲ್ಲ.

ಆ ವರ್ಷ ಸೋಣ ಸಂಕ್ರಮಣದಂದು ಎಲ್ಲೂರಿನ ಮಣೆಯನ್ನು ಕಟ್ಟಿದವಳು ಸರಸ. ಕಾರ್ಕಳದಲ್ಲಿ ವಲೇರಿಯನ್ ಎಂಬ ಲೈನ್‌ಮ್ಯಾನ್ ವಯರುಗಳ ಕಟ್ಟನ್ನು ಮೇಣದ ದಾರದಿಂದ ಬಿಗಿಯುವ ಒಂದು ಗಂಟನ್ನು ಅವಳಿಗೆ ಕಲಿಸಿದ್ದ. ಸುತ್ತುಸುತ್ತಿಗೂ ಒಂದು ಕೊಂಡಿ, ತುದಿ ಒಳಗೆ ಅಡಗುತ್ತದೆ. ಅಂತಹ ಗಂಟು ಹಾಕಿ ಹಳೆಯ ಸೀರೆಯ ತುಂಡಿನಲ್ಲಿ ಮಣೆಯನ್ನು ಸುತ್ತಿದಳು. ಜಗಲಿಯಲ್ಲಿ ಆಗ ಇದ್ದವರು ಇಮೆಲ್ಡಾ ಸೇರಿ ಮೂವರೇ. ಇನ್ನು ಇದನ್ನು ಬಿಚ್ಚಬೇಕಾದರೆ ಟೆಲಿಫೋನ್ ಆಫೀಸಿನಿಂದಲೇ ಜನ ಬರಬೇಕು ಎಂದು ಗುಲಾಬಿ ತಮಾಷೆ ಮಾಡಿದಳು. ಅಟ್ಟಕ್ಕೆ ಏರಿಸಿ ಕೆಳಗೆ ಬಂದ ಸರಸ ಇದ್ದಕ್ಕಿದ್ದಂತೆ, ಅಕ್ಕ, ಮುಂದಿನ ಆಟಿಯಲ್ಲಿ ನಾವಿಬ್ಬರು ಒಮ್ಮೆ ಕೂರುವ ಎಂದಳು.

ಗುಲಾಬಿ ಬೇಡವೆಂದಳು. ಸರಸ ವಾದ ಮಾಡಿದಳು. ಮಣೆಗೂ ಆಯುಷ್ಯಕ್ಕೂ ಸಂಬಂಧವಿಲ್ಲ ಎಂದಳು, ನೀನು ಮಗಳನ್ನು ನರ್ಸಿಂಗ್ ಓದಿಸಿದವಳು ಎಂದಳು. ಗುಲಾಬಿ ಎದುರು ವಾದ ಮಾಡುವವಳಲ್ಲ. ಅಮ್ಮ ಕೂರಿಸದೆ ಇದ್ದದ್ದನ್ನು ನಾನು ಕೂರುವುದಿಲ್ಲ ಎಂದಷ್ಟೇ ಹೇಳಿ ಒಲೆಯ ಮುಂದೆ ಹೋದಳು.

ಆದರೆ ಸರಸ ಬಿಡಲಿಲ್ಲ. ಜಗಲಿಯಲ್ಲಿ ಆಡುವವರಿಲ್ಲ, ಕಾಪುವಿನಲ್ಲಿ ಆಡಗೊಡುವವರಿಲ್ಲ. ಕಲಿತದ್ದೆಲ್ಲ ಇಟ್ಟುಕೊಂಡು ಅವಳು ಕಟಪಾಡಿಯ ಎರಡು ಕೋಣೆಯಲ್ಲಿ ತನ್ನೊಂದಿಗೆ ತಾನೇ ಗೆಲ್ಲುತ್ತಾ ಸೋಲುತ್ತಾ ಇದ್ದಳು. ಇನ್ನು ಉಳಿದದ್ದು ಒಬ್ಬಳೇ ಎದುರಾಳಿ. ಒಂದು ಬೇಸಗೆಯಿಡೀ ಯೋಚಿಸಿ, ಆಟಿ ಹುಟ್ಟಿದ ದಿನ ಅವಳು ಎಲ್ಲೂರಿಗೆ ಫೋನು ಮಾಡಿದಳು.

"ಅಕ್ಕ, ಕಟ್ಟುಪಾಡು ಇರುವುದು ಎದುರುಬದುರು ಕೂರಬಾರದು ಅಂತ. ನಾನು ಕಟಪಾಡಿಯಲ್ಲಿ, ನೀನು ಎಲ್ಲೂರಿನಲ್ಲಿ. ನನ್ನ ಮಣೆ ನನ್ನ ಎದುರು, ನಿನ್ನ ಮಣೆ ನಿನ್ನ ಎದುರು. ಎಡದಿಂದ ಎಷ್ಟನೆಯ ಗುಳಿ ಎತ್ತಿದೆ ಅಂತ ಫೋನಿನಲ್ಲಿ ಹೇಳಿದರೆ ಆಯಿತು. ಎರಡೂ ಕಡೆ ಕಾಯಿ ಹಾಕಿಕೊಳ್ಳುವುದು."

ಆ ಕಡೆ ಗುಲಾಬಿ ನಕ್ಕಳು. "ದಿನಾ ಮಾಡುತ್ತೀಯಾ?"

"ದಿನಾ. ಮೂರು ಗಂಟೆಗೆ."

"ಹಾಗಾದರೆ ಅಡ್ಡಿಯಿಲ್ಲ. ಮಣೆ ಇಳಿಸುತ್ತೇನೆ."

ಮರುದಿನದಿಂದ ಆಟ ಶುರುವಾಯಿತು. ಸರಸ ಟವೆಲಿನ ಮೇಲೆ ಮಣೆ ಇಟ್ಟು, ಫೋನಿನ ಸ್ಪೀಕರ್ ಹಾಕಿ, ಮೂರಕ್ಕೆ ಸರಿಯಾಗಿ ಕರೆಯುತ್ತಿದ್ದಳು. ತನ್ನ ಗುಳಿ ಹೇಳಿ, ಕಾಯಿ ಹಾಕಿ, ಇಷ್ಟು ಸಿಕ್ಕಿತು, ನಿನ್ನ ಸರದಿ ಎನ್ನುತ್ತಿದ್ದಳು. ಗುಲಾಬಿಯ ಆಟ ಬರಲು ಹೊತ್ತು ಹಿಡಿಯುತ್ತಿತ್ತು, ಏಕೆಂದರೆ ಅದರ ಮೊದಲು ಮಾತು ಬರುತ್ತಿತ್ತು. ಬೆಳಿಗ್ಗೆ ತಂದ ಮೀನು ಮಂಜುಗಡ್ಡೆಯದ್ದು, ರುಚಿಯಿಲ್ಲ. ಯಶ್ಮಿತಾಳಿಗೆ ಮುಂದಿನ ತಿಂಗಳಿನಿಂದ ರಾತ್ರಿ ಪಾಳಿಯಂತೆ. ಇಮೆಲ್ಡಾ ಬಾಯಿಯ ತಮ್ಮ ಇಮ್ಯಾನುಯೆಲ್ ಕಾರ್ಕಳದಿಂದ ಬಂದಿದ್ದ. ಸರಸ ಕಾಯುತ್ತಿದ್ದಳು, ಹಳೆಯ ಹಲಗೆಯ ಮುಂದೆ ಕಾಯುತ್ತಿದ್ದ ಹಾಗೆ, ಕಿವಿ ಹೊರಗೆ ಇಟ್ಟುಕೊಂಡು. ಮಾತು ಎಲ್ಲಾದರೂ ನಿಂತರೆ, "ನಿನ್ನ ಗುಳಿ ಹೇಳು ಅಕ್ಕ" ಎನ್ನುತ್ತಿದ್ದಳು.

"ಹಾಂ, ಗುಳಿ. ಐದನೆಯದ್ದು."

"ಐದನೆಯದ್ದು ಖಾಲಿ."

"ಹೌದಾ? ಹಾಗಾದರೆ ಅದರ ಪಕ್ಕದ್ದು. ನನಗೆಷ್ಟು ಸಿಕ್ಕಿತು?"

ಎಷ್ಟು ಸಿಕ್ಕಿತೆಂದು ಯಾವಾಗಲೂ ಸರಸಳೇ ಹೇಳಬೇಕಿತ್ತು. ಅವಳು ಇದನ್ನು ಅಕ್ಕನ ಉಡಾಫೆ ಎಂದುಕೊಂಡಳು. ಮೊದಲ ದಿನಗಳ ಆಟಗಳನ್ನು ಸುಲಭವಾಗಿ ಗೆದ್ದಳು. ಆದರೆ ಗೆದ್ದರೂ ಸಮಾಧಾನವಿರಲಿಲ್ಲ. ಗುಲಾಬಿಯ ಆಟ ಯಾವ ಜಾಡಿಗೂ ಸಿಗುತ್ತಿರಲಿಲ್ಲ. ಒಳ್ಳೆಯ ಗುಳಿ ಎದುರಿಗಿದ್ದರೂ ಅದನ್ನು ಬಿಟ್ಟು ಎಲ್ಲೋ ತುದಿಯದ್ದನ್ನು ಎತ್ತುತ್ತಿದ್ದಳು. ಇದರ ಹಿಂದೆ ಏನೋ ಇರಬೇಕು ಎಂದು ಸರಸ ಬೆಳಿಗ್ಗೆಯೆಲ್ಲ ಕೂತು ಹಿಂದಿನ ದಿನದ ಆಟವನ್ನು ಮತ್ತೆ ಮತ್ತೆ ಹಾಕಿ ನೋಡಿದಳು. ಎಲ್ಲರ ತಪ್ಪನ್ನೂ ತೋರಿಸುತ್ತಿದ್ದವಳಿಗೆ ಅಕ್ಕನ ತಪ್ಪು ತಪ್ಪಾಗಿ ಕಾಣಲಿಲ್ಲ. ತಾಯಿ ಹೇಳಿದ ಕೈ ಎಂದರೆ ಇದೇ ಇರಬೇಕು ಎನಿಸತೊಡಗಿತು. ಆ ಅನುಮಾನದಲ್ಲಿ ತನ್ನ ಆಟವನ್ನು ಅತಿಯಾಗಿ ಬಿಗಿ ಮಾಡಿಕೊಂಡಳು. ಆಟಿ ಮುಗಿಯಲು ಕೆಲವೇ ದಿನ ಇರುವಾಗ, ಒಂದು ಮಧ್ಯಾಹ್ನ, ಗುಲಾಬಿ ಏನೋ ಹೇಳುತ್ತಾ ಹೇಳುತ್ತಾ ಎರಡನೆಯ ಗುಳಿ ಎಂದಳು. ಸರಸ ಅವಳ ಪರವಾಗಿ ಕಾಯಿ ಹಾಕುತ್ತಾ ಹೋದಳು. ಕೈ ನಿಲ್ಲಲೇ ಇಲ್ಲ. ಮಣೆಯನ್ನು ಸುತ್ತಿ, ಮತ್ತೆ ಸುತ್ತಿ, ತುಂಬಿದ ಗುಳಿಗಳನ್ನೆಲ್ಲ ಬಾಚಿಕೊಂಡು ನಿಂತಿತು. ಸರಸ ಸೋತಿದ್ದಳು.

"ನೀನು ಗೆದ್ದೆ" ಎಂದಳು.

"ನಾನಾ? ನೋಡಿದೆಯಾ ಮತ್ತೆ" ಎಂದು ಗುಲಾಬಿ ನಕ್ಕು, ಬಿಟ್ಟಿದ್ದ ಮಾತನ್ನು ಎತ್ತಿಕೊಂಡಳು. ಸರಸ ಕೂಡಲೇ ಹೊಸ ಆಟ ಹಾಕಿ ಮೊದಲ ಗುಳಿ ತಾನೇ ಎತ್ತಿದಳು. ಒಂದೆರಡು ಸರದಿ ಆಗುವಷ್ಟರಲ್ಲಿ ಗುಲಾಬಿಗೆ ಬಟ್ಟೆ ಒಳಗೆ ಹಾಕಬೇಕಾಯಿತು. ಆಟ ಅಲ್ಲಿಗೆ ನಿಂತಿತು. ನಿನ್ನ ಸರದಿ ಬಾಕಿ ಎಂದು ಸರಸ ಹೇಳಿ ಫೋನು ಇಟ್ಟಳು.

ಆ ಎರಡನೆಯ ಗುಳಿಯನ್ನು ಅವಳು ಎಷ್ಟು ವಿಧದಲ್ಲಿ ಹಾಕಿ ನೋಡಿದರೂ, ಅಷ್ಟು ದೂರ ಮುಂದೆ ಕಂಡು ಆಡಿದ್ದು ಹೇಗೆ ಎಂದು ತಿಳಿಯಲಿಲ್ಲ. ಫೋನಿನಲ್ಲಿ ಕೇಳುವ ಮಾತಲ್ಲ ಇದು. ಮರುದಿನ ಬೆಳಿಗ್ಗೆ ಉಚ್ಚಿಲದ ತನಕ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ರಿಕ್ಷಾ ಹಿಡಿದು, ಹೇಳದೆ ಕೇಳದೆ ಎಲ್ಲೂರಿಗೆ ಬಂದಳು. ಗುಲಾಬಿ ಬಾಗಿಲಲ್ಲಿ ಅವಳನ್ನು ಕಂಡು ಹೆದರಿದಳು.

"ಎಂತ ಆಯಿತು?"

"ಏನಿಲ್ಲ. ನಿನ್ನೆ ನೀನು ಎರಡನೆಯ ಗುಳಿ ಎತ್ತಿದೆಯಲ್ಲ. ಯಾಕೆ ಎತ್ತಿದ್ದು ಅಂತ ಹೇಳು."

ಗುಲಾಬಿ ಅವಳ ಮುಖವನ್ನೇ ನೋಡಿದಳು. "ಅದಾ?" ಎಂದಳು. "ಹಾಗೇ ಬಾಯಿಗೆ ಬಂತು. ಒಳಗೆ ಬಾ, ನೆನೆದಿದ್ದೀಯಾ. ಆಟದ ಮಾತು ಎದುರು ಕೂತು ಬೇಡ, ಫೋನಿನಲ್ಲೇ ಸಾಕು."

ತಲೆ ಒರೆಸಿಕೊಳ್ಳಲು ಬಟ್ಟೆ ಹುಡುಕುತ್ತಾ ಸರಸ ಒಳಕೋಣೆಗೆ ಹೋದಳು. ಏಣಿ ಅಟ್ಟಕ್ಕೆ ಒರಗಿತ್ತು. ಜಗಲಿಯಲ್ಲಿ ಮಣೆ ಕಂಡಿರಲಿಲ್ಲ, ಕೋಣೆಯಲ್ಲೂ ಇರಲಿಲ್ಲ. ಅವಳು ಎರಡು ಮೆಟ್ಟಿಲು ಹತ್ತಿ ನೋಡಿದಳು. ಹಳೆಯ ಸೀರೆಯ ತುಂಡು, ಮೇಣದ ದಾರ, ಸುತ್ತುಸುತ್ತಿಗೂ ಕೊಂಡಿ, ಒಳಗೆ ಅಡಗಿದ ತುದಿ. ಬೆರಳಿಟ್ಟು ನೋಡಿದಳು. ಗಂಟು ಅವಳು ಹಾಕಿದ ಹಾಗೆಯೇ ಇತ್ತು. ಮೇಲೆ ವರ್ಷದ ಧೂಳು ಕೂತಿತ್ತು.

ಅಕ್ಕ ಮಣೆಯನ್ನು ಇಳಿಸಿಯೇ ಇರಲಿಲ್ಲ. ಒಂದು ತಿಂಗಳು, ಎದುರು ಏನೂ ಇಲ್ಲದೆ, ಬಾಯಿಗೆ ಬಂದ ಗುಳಿಯ ಲೆಕ್ಕ ಹೇಳಿದ್ದಳು. ಕಟ್ಟುಪಾಡನ್ನೂ ಮುರಿದಿರಲಿಲ್ಲ, ಮೂರು ಗಂಟೆಯ ಫೋನನ್ನೂ ಬಿಟ್ಟಿರಲಿಲ್ಲ.

ಸರಸ ಕೆಳಗೆ ಇಳಿದು ತಲೆ ಒರೆಸಿಕೊಂಡಳು. ಕೊಟ್ಟ ಚಹಾ ಕುಡಿದಳು. ಏನೂ ಕೇಳಲಿಲ್ಲ. ಗುಲಾಬಿಯೂ ಏಣಿಯ ಕಡೆ ನೋಡಲಿಲ್ಲ. ಊಟಕ್ಕೆ ನಿಲ್ಲು ಎಂದದ್ದಕ್ಕೆ, ಬಸ್ಸಿಗೆ ಹೊತ್ತಾಯಿತು ಎಂದು ಹೊರಟಳು. ಹೆದ್ದಾರಿಯ ಬಸ್ಸುಗಳಿಗೆ ಹೊತ್ತು ಎಂಬುದೇ ಇಲ್ಲ, ಒಂದರ ಹಿಂದೆ ಒಂದು ಬರುತ್ತವೆ. ಅದು ಇಬ್ಬರಿಗೂ ಗೊತ್ತಿತ್ತು.

ಬಸ್ಸಿನಲ್ಲಿ ಅವಳಿಗೆ ಸಿಟ್ಟು ಬಂತು. ಒಂದು ತಿಂಗಳ ಬೆಳಿಗ್ಗೆಗಳನ್ನು ಅವಳು ಯಾರೂ ಆಡದ ಆಟವನ್ನು ಓದುವುದಕ್ಕೆ ಕೊಟ್ಟಿದ್ದಳು. ಸೋತದ್ದು ಅಕ್ಕನಿಗಲ್ಲ, ತಾಯಿ ಹೇಳಿದ ಕೈಗೂ ಅಲ್ಲ. ಎರಡೂ ಬದಿಯಲ್ಲಿ ತಾನೇ ಕೂತಿದ್ದಳು, ಹಿಂದಿನ ಹಾಗೆಯೇ. ಹಾಗಾದರೆ ಅಕ್ಕ ಆ ಹೊತ್ತಿನಲ್ಲಿ ಮಾಡುತ್ತಿದ್ದದ್ದೇನು ಎಂದು ಲೆಕ್ಕ ಹಾಕಲು ಹೊರಟಳು. ಆಟವನ್ನು ನೆನಪಿಸಿಕೊಂಡರೆ ಅದರ ಜೊತೆಗೆ ಮಾತೂ ಎದ್ದು ಬಂತು. ಕೇಳಬಾರದೆಂದು ಹೊರಗೆ ಇಟ್ಟಿದ್ದ ಕಿವಿಯೊಳಗೆ ಎಲ್ಲವೂ ಹೋಗಿ ಕೂತಿತ್ತು, ಗುಳಿಗೊಂದರಂತೆ. ನಾಲ್ಕನೆಯ ಗುಳಿ ಎನ್ನುವ ಮೊದಲು ಗುಲಾಬಿ, ಒಬ್ಬಳಿಗೆ ಅಂತ ಮಧ್ಯಾಹ್ನ ಬಟ್ಟಲು ಹಾಕಲಿಕ್ಕೆ ಮನಸ್ಸಾಗುವುದಿಲ್ಲ, ನಿಂತುಕೊಂಡೇ ಉಣ್ಣುವುದು ಎಂದಿದ್ದಳು. ಇನ್ನೊಂದು ದಿನ, ಬಚ್ಚಲಿನಲ್ಲಿ ಜಾರಿ ಬಿದ್ದಿದ್ದೆ, ಇಮೆಲ್ಡಾ ಬಾಯಿ ಬಂದು ಎಬ್ಬಿಸಿದಳು ಎಂದಿದ್ದಳು. ಎರಡನೆಯ ಗುಳಿಯ ದಿನ ಹೇಳುತ್ತಿದ್ದದ್ದು, ಇಮ್ಯಾನುಯೆಲ್ ತನ್ನ ಅಕ್ಕ ಇಮೆಲ್ಡಾಳನ್ನು ಕಾರ್ಕಳಕ್ಕೆ ಕರೆದುಕೊಂಡು ಹೋಗುತ್ತಾನೆ, ಸೋಣ ಹುಟ್ಟಿದ ಮೇಲೆ ಪಕ್ಕದ ಮನೆಗೆ ಬೀಗ ಎಂದು. ಪ್ರತಿಯೊಂದಕ್ಕೂ ಸರಸ ಕೊಟ್ಟ ಉತ್ತರವೂ ನೆನಪಿತ್ತು. ಉತ್ತರ ಒಂದೇ. ನಿನ್ನ ಗುಳಿ ಹೇಳು ಅಕ್ಕ.

ಆ ಮಧ್ಯಾಹ್ನ ಅವಳು ಫೋನು ಮಾಡಲಿಲ್ಲ. ಮರುದಿನವೂ ಮಾಡಲಿಲ್ಲ. ಗುಲಾಬಿ ತಾನಾಗಿ ಕರೆಯುವ ಪದ್ಧತಿ ಇರಲಿಲ್ಲ, ಕರೆಯಲಿಲ್ಲ. ಸಂಕ್ರಮಣ ಬಂತು. ಸರಸ ತನ್ನ ಮಣೆಯ ಗುಳಿಗಳಿಂದ ಅಂಟಿಸಿದ್ದ ಬಟ್ಟೆಯನ್ನು ಕಿತ್ತು, ಕಾಯಿಗಳನ್ನು ಬಹುಮಾನದ ಸ್ಟೀಲ್ ಡಬ್ಬವೊಂದಕ್ಕೆ ಸುರಿದು, ಮಣೆಯನ್ನು ಟವೆಲಿನಲ್ಲಿ ಸುತ್ತಿ, ಅದೇ ಗಂಟು ಹಾಕಿ ಕಪಾಟಿನ ಮೇಲೆ ಇಟ್ಟಳು. ನಾಲ್ಕು ವರ್ಷದಲ್ಲಿ ಆ ಮಣೆ ಕಟ್ಟಿಸಿಕೊಂಡದ್ದು ಅದೇ ಮೊದಲು. ಕೋಣೆಯಲ್ಲಿ ಮೂರು ಗಂಟೆ ಬಂದು ಹೋಗುತ್ತಿತ್ತು. ಕೆಳಗೆ ಸರ್ಕಲ್‌ನಲ್ಲಿ ಬಸ್ಸಿನವರು ಶಿರ್ವ, ಉಡುಪಿ, ಕಾಪು ಎಂದು ಕೂಗುತ್ತಿದ್ದರು.

ಸೋಣದ ಮೊದಲ ವಾರ ಕಳೆದಿರಬೇಕು. ಒಂದು ಮಧ್ಯಾಹ್ನ ಅವಳು ಉಂಡ ಬಟ್ಟಲನ್ನು ತೊಳೆದಿಟ್ಟು, ಕಿಟಕಿಯ ಬಳಿಯ ಕುರ್ಚಿಯಲ್ಲಿ ಕೂತಳು. ಮೂರಾಗುವ ತನಕ ಕಾದಳು. ಆಮೇಲೆ ಎಲ್ಲೂರಿಗೆ ಫೋನು ಮಾಡಿದಳು.

"ಅಕ್ಕ, ನಿನ್ನ ಸರದಿ ಬಾಕಿ ಉಂಟು."

"ಸೋಣ ಬಂತಲ್ಲ ಸರಸ" ಎಂದಳು ಗುಲಾಬಿ.

"ಅರ್ಧ ಆಟ ಬಿಡಬಾರದು." ಸರಸ ಕೇಳಿದಳು, "ಇಮೆಲ್ಡಾ ಬಾಯಿ ಹೋದಳಾ?"

ಆ ಕಡೆಯಿಂದ ಮಾತು ಬಂತು. ಮೊನ್ನೆ ಹೋದಳು, ಹೋಗುವಾಗ ಕೋಳಿಗಳನ್ನು ಇಲ್ಲಿ ಬಿಟ್ಟಳು, ಅವು ಸಂಜೆಯಾದರೆ ಆ ಬೀಗ ಹಾಕಿದ ಮನೆಯ ಮೆಟ್ಟಿಲಿಗೇ ಹೋಗಿ ಕೂರುತ್ತವೆ, ಒಂದೊಂದಾಗಿ ಎತ್ತಿಕೊಂಡು ಬರಬೇಕು. ಸರಸ ಕೇಳಿದಳು. ಎಷ್ಟು ಕೋಳಿ ಎಂದು ಕೇಳಿದಳು. ಬಿಸಿಲು ಕಿಟಕಿಯಿಂದ ಗೋಡೆಗೆ ಸರಿಯಿತು.

"ಅಯ್ಯೋ, ಗುಳಿ ಹೇಳಲಿಲ್ಲ ಅಲ್ವಾ" ಎಂದಳು ಗುಲಾಬಿ ಕೊನೆಗೆ. "ಆರನೆಯದ್ದು."

ನಿಂತುಹೋದ ಆ ಆಟದ ಪ್ರತಿ ಗುಳಿಯೂ ಸರಸಳ ತಲೆಯಲ್ಲಿ ಹಾಗೇ ಇತ್ತು. ಗುಲಾಬಿಯ ಬದಿಯ ಆರನೆಯ ಗುಳಿಯಲ್ಲಿ ಒಂದು ಕಾಯಿಯೂ ಇರಲಿಲ್ಲ.

"ಸರಿ" ಎಂದಳು ಸರಸ. "ಒಳ್ಳೆಯದನ್ನೇ ಎತ್ತಿದೆ. ಇನ್ನು ನಾನು ನಾಳೆ ಹೇಳುತ್ತೇನೆ."